ಸೊಸೆಗೆ ದುಭಾಷಿಯಾಗಿದ್ದ ಇಪ್ಪತ್ತು ದಿನ

ನನ್ನ ಸೊಸೆ ಅಸ್ಸಾಮಿನವಳು. ಮಗ ಪಶುವೈದ್ಯಕೀಯದ ಹೆಚ್ಚಿನ ಓದಿಗೆ ಉತ್ತರದ ಕಡೆ ಹೋಗಿದ್ದಾಗ ಅವನ ಜೊತೆ ಓದಿದ ಹುಡುಗಿ. ಮದುವೆಯಾಗಿ ಬೇಲೂರಿನ ನಮ್ಮ ಮನೆಗೆ ಬಂದ ದಿನ ಅವಳಿಗೆ ಗೊತ್ತಿದ್ದ ಕನ್ನಡ ಮೂರೇ ಮಾತು: ಊಟ, ಸಾಕು, ಬೇಡ. ನನಗೆ ಅವಳ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಹಿಂದಿಯೂ ಟೀವಿಯಲ್ಲಿ ಕಿವಿಗೆ ಬಿದ್ದಷ್ಟೇ. ಹಾಗಾಗಿ ನಮ್ಮಿಬ್ಬರ ಪಾಲಿಗೆ ಉಳಿದದ್ದು ಇಂಗ್ಲಿಷ್ ಒಂದೇ.

ನನ್ನ ಇಂಗ್ಲಿಷಿನ ಕಥೆ ಸ್ವಲ್ಪ ವಿಚಿತ್ರ. ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯಲ್ಲಿ, ಕೊಬ್ಬರಿ ವ್ಯಾಪಾರದ ಮನೆಯಲ್ಲಿ. ಪಿಯುಸಿ ಮುಗಿದ ಮೇಲೆ ಮದುವೆಯಾಗುವ ತನಕ ಸುಮ್ಮನೆ ಕೂರಬಾರದೆಂದು ಅಪ್ಪ ಟೈಪಿಂಗ್ ಕಲಿಯಲು ಕಳಿಸಿದ್ದರು. ಇಂಗ್ಲಿಷ್ ಜೂನಿಯರ್ ಪಾಸಾಯಿತು, ಸೀನಿಯರ್ ಕೂಡ ಪಾಸಾಯಿತು. ನೋಡಿದ್ದನ್ನು ತಪ್ಪಿಲ್ಲದೆ ಹೊಡೆಯುತ್ತಿದ್ದೆ, ಆದರೆ ಹೊಡೆದದ್ದರ ಅರ್ಥ ಯಾರೂ ಹೇಳಿಕೊಡಲಿಲ್ಲ. ಪ್ರತಿ ಪತ್ರದ ಕೊನೆಗೆ ‘ಯುವರ್ಸ್ ಫೇತ್‌ಫುಲಿ’ ಎಂದು ಹೊಡೆದು ಹೊಡೆದು ಬೆರಳಿಗೆ ಅಭ್ಯಾಸವಾಗಿತ್ತು. ಒಮ್ಮೆ ನಮ್ಮ ಮೇಷ್ಟ್ರನ್ನು ಹಾಗೆಂದರೇನು ಎಂದು ಕೇಳಿದ್ದಕ್ಕೆ, ‘ಇಂತಿ ತಮ್ಮ ವಿಶ್ವಾಸಿ ಅಂತಮ್ಮ, ಸುಮ್ನೆ ಹೊಡಿ’ ಅಂದಿದ್ದರು.

ಆ ಪೈಕಿ ‘ಟ್ರಸ್ಟ್’ ಎಂಬ ಪದ ನನಗೆ ಚೆನ್ನಾಗಿಯೇ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಟ್ರಸ್ಟ್ ಅಂದರೆ ಮಠದ ಟ್ರಸ್ಟ್, ಕಲ್ಯಾಣಮಂಟಪದ ಟ್ರಸ್ಟ್, ಹಾಸ್ಟೆಲ್ ನಡೆಸುವ ಟ್ರಸ್ಟ್. ಅಲ್ಲೊಂದು ಬೋರ್ಡು, ಏಳು ಜನ ಗಂಡಸರು, ಒಂದು ರಬ್ಬರ್ ಸ್ಟಾಂಪು. ಮನುಷ್ಯರು ಒಬ್ಬರನ್ನೊಬ್ಬರು ನಂಬುವುದಕ್ಕೂ ಅದೇ ಪದ ಎಂದು ಐವತ್ತಾರು ವರ್ಷ ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಂಬುವುದಕ್ಕೆ ನನ್ನ ಹತ್ತಿರ ಇದ್ದದ್ದು ‘ಬಿಲೀವ್’ ಒಂದೇ. ಎಲ್ಲದಕ್ಕೂ ಅದನ್ನೇ ಬಳಸುತ್ತಿದ್ದೆ.

ಮಗನಿಗೆ ಅರಸೀಕೆರೆ ಕಡೆ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ನನ್ನ ಗಂಡನಿಗೆ ಬಸ್ ನಿಲ್ದಾಣದ ಹತ್ತಿರ ಬಿತ್ತನೆ ಬೀಜದ ಅಂಗಡಿ. ಹಗಲೆಲ್ಲ ಮನೆಯಲ್ಲಿ ನಾನು, ಸೊಸೆ ಇಬ್ಬರೇ. ಅವಳು ನನ್ನನ್ನು ‘ಮಾ’ ಎಂದು ಕರೆಯುತ್ತಿದ್ದಳು. ಮೊದಲ ವಾರ ಪಾತ್ರೆ ತೋರಿಸುವುದು, ಕೈ ಸನ್ನೆ, ನಗುವುದು ಇದರಲ್ಲೇ ಕಳೆಯಿತು. ಆಮೇಲೆ ಒಂದು ಮಧ್ಯಾಹ್ನ ಇಬ್ಬರೂ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಅವಳು ತನ್ನೂರಿನ ಕಥೆ ಹೇಳಿದಳು. ಅವಳ ಮಾತೆಲ್ಲ ಇಂಗ್ಲಿಷಿನಲ್ಲೇ. ನನಗೆ ಹೇಗೆ ತಿಳಿಯಿತೋ ಹಾಗೆ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರ ಊರಿಗೆ ವರ್ಷ ವರ್ಷವೂ ನದಿ ನುಗ್ಗುತ್ತದಂತೆ. ಒಂದು ಸಲ ಮನೆ ಪೂರ್ತಿ ಮುಳುಗಿ ಹನ್ನೊಂದು ದಿನ ಎಲ್ಲರೂ ದೋಣಿಯಲ್ಲೇ ಇದ್ದರಂತೆ. ಒಲೆ ದೋಣಿಯಲ್ಲಿ, ಹಾಸಿಗೆ ದೋಣಿಯಲ್ಲಿ, ಅಜ್ಜಿ ಕೂತು ನೂಲು ಸುತ್ತುವುದೂ ದೋಣಿಯಲ್ಲಿ. ಜೊತೆಗಿದ್ದ ಮೇಕೆಗೆ ಐದನೆಯ ದಿನ ನೋವು ಶುರುವಾಗಿ, ಅದಕ್ಕೆ ಹೆರಿಗೆ ಮಾಡಿಸಿದ್ದು ಇವಳೇ, ಆಗ ಹನ್ನೆರಡು ವರ್ಷ. ‘ಎರಡು ಮರಿ ಮಾ, ಎರಡೂ ಬದುಕಿದವು’ ಅಂದಳು.

ನನಗೆ ಮೈ ಜುಂ ಅಂದಿತು. ನಮ್ಮ ಯಗಚಿ ತುಂಬಿ ಬಂದರೆ ಸೇತುವೆ ಮೇಲೆ ನಿಂತು ನೋಡಿ ಬರುವವರು ನಾವು. ‘ಅಯ್ಯೋ, ನಂಬೋಕೇ ಆಗಲ್ಲ ಕಣೇ!’ ಎಂದು ಮನಸ್ಸಿಗೆ ಬಂತು. ಅದನ್ನೇ ಇಂಗ್ಲಿಷ್ ಮಾಡಿ, ಅವಳ ತೊಡೆ ಮೇಲೆ ಹೊಡೆದು, ನಗುನಗುತ್ತಾ ಹೇಳಿದೆ: ‘ಐ ಡೋಂಟ್ ಬಿಲೀವ್ ಯು!’

ಅವಳ ಮುಖ ಬಿದ್ದುಹೋಯಿತು. ‘ನಿಜ ಮಾ’ ಅಂದಳು. ನಾನು ಇನ್ನೂ ಆಶ್ಚರ್ಯದಿಂದ ತಲೆಯಾಡಿಸುತ್ತಾ, ‘ನೋ ನೋ, ಐ ಡೋಂಟ್ ಬಿಲೀವ್ ಯು’ ಎಂದು ಮತ್ತೆ ಹೇಳಿದೆ. ಅವಳು ಸುಲಿದ ಕಾಳನ್ನು ನನ್ನ ಮೊರಕ್ಕೆ ಸುರಿದು ಎದ್ದು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ನಾನು ಒಲೆ ಮುಂದೆ ಇದ್ದಾಗ ಬಂದು ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಊರಿನ ಅಣ್ಣನಿಗೆ ಹೇಳಿ ಹಳೆಯ ಫೋಟೋಗಳನ್ನು ತರಿಸಿಕೊಂಡಿದ್ದಳು. ನೀರಿನ ಮೇಲೆ ತಗಡಿನ ಚಾವಣಿಯೊಂದೇ ಕಾಣುವ ಮನೆ. ಬಾಳೆದಿಂಡಿನ ತೆಪ್ಪದ ಮೇಲೆ ನಿಂತ ಅಣ್ಣ. ದೋಣಿಯ ತುದಿಯಲ್ಲಿ ಎರಡು ಮೇಕೆಮರಿಗಳನ್ನು ಕಂಕುಳಲ್ಲಿ ಇರುಕಿಕೊಂಡ, ಎರಡು ಜಡೆಯ ಒಂದು ಹುಡುಗಿ. ‘ಈಗ?’ ಅಂದಳು.

ನನ್ನ ಗಂಡ ಕಾಫಿ ಲೋಟ ಹಿಡಿದು ನಿಂತಿದ್ದವರು ನನ್ನನ್ನು ನೋಡಿದರು. ‘ಆ ಮಗು ಸಾಕ್ಷಿ ತರಿಸಿಕೊಂಡಿದೆಯಲ್ಲೇ. ಏನಂದೆ ನೀನು ಅದಕ್ಕೆ?’

‘ಏನೂ ಅನ್ಲಿಲ್ಲ ಕಣ್ರೀ, ಆಶ್ಚರ್ಯ ಆಯ್ತು ಅಂದೆ.’

ಸಂಜೆ ಮಗ ಬಂದು ಬಿಡಿಸಿ ಹೇಳಿದ. ‘ಅಮ್ಮಾ, ಹಾಗಂದ್ರೆ ನೀನು ಸುಳ್ಳು ಹೇಳ್ತಿದೀಯ ಅಂತ. ನೀನು ಹೇಳ್ಬೇಕಾಗಿದ್ದು ಐ ಕಾಂಟ್ ಬಿಲೀವ್ ಇಟ್ ಅಂತ.’ ಒಂದು ‘ಯು’ ಇದ್ದ ಜಾಗದಲ್ಲಿ ‘ಇಟ್’ ಇಡಬೇಕಾಗಿತ್ತು, ಅಷ್ಟೇ. ನಾನು ಸೊಸೆಯ ಎರಡೂ ಕೈ ಹಿಡಿದುಕೊಂಡು, ‘ಸಾರಿ, ಸಾರಿ, ನಾಟ್ ಯು, ಇಟ್’ ಎಂದೆ. ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಎರಡು ದಿನ ಮನೆಯಲ್ಲಿ ಯಾರು ಏನೇ ಹೇಳಿದರೂ ‘ನಾಟ್ ಯು, ಇಟ್’ ಅನ್ನುತ್ತಿದ್ದಳು.

ಆಮೇಲೆ ಅವಳು ಒಂದು ನೋಟ್‌ಬುಕ್ ತಂದಳು. ಅಡುಗೆಮನೆಯ ಕಟ್ಟೆಯ ಮೇಲೇ ಪಾಠ. ನಾನು ಕನ್ನಡ ಹೇಳುವುದು, ಅವಳು ಇಂಗ್ಲಿಷ್ ಹೇಳುವುದು. ‘ಬಿಲೀವ್’ಗೂ ‘ಟ್ರಸ್ಟ್’ಗೂ ವ್ಯತ್ಯಾಸ ಏನು ಎಂದು ನಾನು ಕೇಳಿದ್ದೇ ಮೊದಲ ಪ್ರಶ್ನೆ. ಅವಳು ಸ್ವಲ್ಪ ಯೋಚಿಸಿ, ಒಬ್ಬರು ಹೇಳಿದ ಮಾತು ನಿಜ ಅನ್ನಿಸಿದರೆ ಬಿಲೀವ್, ಆ ಮನುಷ್ಯನ ಕೈಗೆ ನಮ್ಮದನ್ನು ಒಪ್ಪಿಸಿ ನಿಶ್ಚಿಂತೆಯಿಂದ ಇದ್ದರೆ ಟ್ರಸ್ಟ್, ಅಂದಳು. ‘ನಮ್ಮ ಹಾಲಿನವನು ನೀರು ಹಾಕಿಲ್ಲ ಅಂತಾನೆ. ಅವನು ಹೇಳೋದನ್ನ ನೀವು ಬಿಲೀವ್ ಮಾಡಬಹುದು. ಆದರೂ ದಿನಾ ಬೆರಳು ಅದ್ದಿ ನೋಡ್ತೀರಿ. ಅಂದ್ರೆ ಟ್ರಸ್ಟ್ ಇಲ್ಲ.’ ದೇವರ ವಿಷಯಕ್ಕೆ ‘ಫೇತ್’. ಬೆರಳು ಅದ್ದಿ ನೋಡಲು ಆಗದ ಕಡೆ ಅದು, ಅಂದಳು.

ನಾನೂ ನಮ್ಮಲ್ಲಿರುವುದನ್ನು ಹೇಳಿದೆ. ನಂಬಿಕೆ, ಭರವಸೆ, ಶ್ರದ್ಧೆ, ವಿಶ್ವಾಸ. ವಿಶ್ವಾಸ ಅಂದದ್ದೇ ತಡ, ಅವಳು ಪೆನ್ನು ಬಿಟ್ಟು, ‘ಇದು ನಮ್ಮಲ್ಲೂ ಇದೆ!’ ಎಂದು ಕೂಗಿದಳು. ಅವಳ ಬಾಯಲ್ಲಿ ಆ ಪದ ಬೇರೆಯೇ ಕೇಳುತ್ತಿತ್ತು, ಕೊನೆಯ ಅಕ್ಷರ ಸಕಾರವಲ್ಲ, ಗಂಟಲಲ್ಲಿ ಉಜ್ಜಿ ಬರುವ ಒಂದು ಹಕಾರ. ಆದರೆ ಪದ ಅದೇ. ನಮ್ಮ ಕಡೆ ಇದಕ್ಕೆ ಇನ್ನೊಂದು ಅರ್ಥವೂ ಇದೆ ಎಂದು ನಾನು ಹೇಳಿದೆ. ಎದುರು ಮನೆಯವರಿಗೂ ನಮಗೂ ಭಾಳ ವಿಶ್ವಾಸ ಅಂದರೆ ಅಲ್ಲಿ ನಂಬುವ ಮಾತೇ ಇಲ್ಲ, ಹಬ್ಬದ ಒಬ್ಬಟ್ಟು ಅತ್ತಿಂದಿತ್ತ ಓಡಾಡುತ್ತದೆ ಅಂತ. ಅದನ್ನು ಅವಳು ಒಬ್ಬಟ್ಟಿನ ಚಿತ್ರ ಸಮೇತ ಬರೆದುಕೊಂಡಳು.

ಎರಡು ತಿಂಗಳ ನಂತರ ಅವಳಿಗೆ ಒಂದು ಖಾಸಗಿ ಹಾಲಿನ ಡೈರಿಯಲ್ಲಿ ಕೆಲಸ ಸಿಕ್ಕಿತು. ಡೈರಿಗೆ ಹಾಲು ಹಾಕುವವರ ಮನೆಗಳಿಗೆ ಹೋಗಿ ದನಗಳನ್ನು ನೋಡಬೇಕು. ಬೇಲೂರು, ಬಿಕ್ಕೋಡು, ಹಳೇಬೀಡು, ಹುಲಿಕೆರೆ ಸುತ್ತಮುತ್ತ. ಜೀಪು ಕೊಟ್ಟರು, ಜೊತೆಗೆ ಇಂಗ್ಲಿಷ್ ಬಲ್ಲ ಕಾಂಪೌಂಡರ್ ಒಬ್ಬರನ್ನೂ ಗೊತ್ತು ಮಾಡಿದರು. ಆದರೆ ಕೆಲಸ ಶುರುವಾಗುವ ಹಿಂದಿನ ದಿನ ಕಾಂಪೌಂಡರ್ ಕಾಲು ಮುರಿದುಕೊಂಡು ಮಲಗಿದರು. ಜೀಪಿನ ಡ್ರೈವರಿಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತಿತ್ತು, ಇಂಗ್ಲಿಷ್ ಒಂದು ಬಿಟ್ಟು.

‘ನೀವು ಬನ್ನಿ ಮಾ’ ಅಂದಳು ಸೊಸೆ.

ನನ್ನ ಗಂಡ ತಟ್ಟೆ ಮುಂದೆ ಕೂತವರು ಉಸಿರುಗಟ್ಟುವಷ್ಟು ನಕ್ಕರು. ‘ಹೋಗೇ ಹೋಗು. ಕಾನ್ಫಿಡೆನ್ಸ್ ಒಂದಿದ್ರೆ ಸಾಕು.’ ನಾನು ಹೊಸ ಚಪ್ಪಲಿ ಹಾಕಿಕೊಂಡು ಜೀಪು ಹತ್ತಿದೆ.

ಮೊದಲ ದಿನಗಳು ಎಷ್ಟು ಸೊಗಸಾಗಿದ್ದವು ಎಂದು ಹೇಳಲಾರೆ. ಮನೆ, ಅಂಗಡಿ, ದೇವಸ್ಥಾನ ಬಿಟ್ಟು ನಾನು ಇಷ್ಟೊಂದು ಕೊಟ್ಟಿಗೆಗಳನ್ನು ನೋಡಿದವಳೇ ಅಲ್ಲ. ಬಿಕ್ಕೋಡಿನ ಹತ್ತಿರ ಒಬ್ಬ ರೈತರು ತಮ್ಮ ಎಮ್ಮೆಗೆ ಸೂಜಿ ಬೇಡವೇ ಬೇಡ ಎಂದು ಅಡ್ಡ ನಿಂತರು. ‘ಮೇಡಮ್ಮೋರ ಮೇಲೆ ನಂಬ್ಕೆ ಐತೆ ಕಣವ್ವಾ. ಇಂಜೆಕ್ಷನ್ ಮೇಲೆ ಇಲ್ಲ’ ಅಂದರು. ನಾನು ಒಂದು ನಿಮಿಷ ಮನಸ್ಸಿನಲ್ಲೇ ಪದಗಳನ್ನು ಜೋಡಿಸಿಕೊಂಡು, ಆತ ನಿನ್ನನ್ನು ಟ್ರಸ್ಟ್ ಮಾಡುತ್ತಾನೆ, ಇಂಜೆಕ್ಷನ್ನನ್ನು ಬಿಲೀವ್ ಮಾಡುವುದಿಲ್ಲ, ಎಂದು ಹೇಳಿದೆ. ಸೊಸೆ ಎಮ್ಮೆಯನ್ನು ಬಿಟ್ಟು ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದಳು. ಎರಡೂ ಸರಿಯಾಗಿತ್ತಂತೆ, ಬಿಲೀವ್ ಆದ ಮೇಲೆ ಒಂದು ‘ಇನ್’ ಬೇಕಾಗಿತ್ತಂತೆ. ಆ ದಿನ ಮನೆಗೆ ಬಂದು ಗಂಡನಿಗೆ ಅದನ್ನು ಮೂರು ಸಲ ಹೇಳಿದೆ.

ಹನ್ನೊಂದನೆಯ ದಿನ ಹುಲಿಕೆರೆಯಿಂದ ಕರೆ ಬಂತು. ಕಲ್ಯಾಣಿಯ ಹಿಂದಿನ ಬೀದಿಯಲ್ಲಿ ಒಬ್ಬ ಹೆಂಗಸು. ನನ್ನ ವಯಸ್ಸಿನವಳೇ. ಗಂಡ ಇಲ್ಲ, ಮಗಳನ್ನು ಅರಸೀಕೆರೆಗೆ ಕೊಟ್ಟಿದ್ದಾಳೆ, ಮನೆಯಲ್ಲಿರುವುದು ತಾನು ಮತ್ತು ಒಂದು ಹಸು. ಹಸುವಿಗೆ ಬೆಳಗಿನ ಜಾವವೇ ನೋವು ಶುರುವಾಗಿ, ನಾವು ಹೋಗುವಷ್ಟರಲ್ಲಿ ಹತ್ತು ಗಂಟೆ. ಅದು ಕಾಲು ಚಾಚಿ ಮಲಗಿ ಕಣ್ಣು ತೇಲಿಸುತ್ತಿತ್ತು.

ಹೆಂಗಸು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ‘ಇದ್ಯಾವ ಮಗಾನ ಕರ್ಕೊಂಡ್ ಬಂದಿದ್ದೀಯವ್ವಾ? ಭಾಷೆ ಬರಾಕಿಲ್ಲ. ಕೈ ನೋಡು, ಹುಲ್ಲುಕಡ್ಡಿ ಇದ್ದಂಗೈತೆ. ಹೆಂಗ್ ನಂಬ್ಲಿ ನಾನು?’

ಸೊಸೆ ಅಂಗೈಗೆ ಸೋಪು ಹಚ್ಚುತ್ತಾ, ‘ಏನಂತಾರೆ?’ ಎಂದಳು. ಬಿಲೀವ್ ಎಂದರೆ ಇವಳು ಮತ್ತೆ ಸಾಕ್ಷಿ ತೋರಿಸಲು ಹೊರಡುತ್ತಾಳೆ ಎಂದು ನನಗೆ ಅನ್ನಿಸಿತು. ಆ ಹೆಂಗಸಿಗೆ ಬೇಕಾಗಿದ್ದದ್ದು ವಿವರಣೆ ಅಲ್ಲ. ‘ನಿನ್ನ ಕೈಯನ್ನು ಟ್ರಸ್ಟ್ ಮಾಡಲ್ಲವಂತೆ, ಸಣ್ಣದಂತೆ’ ಎಂದೆ. ಸೊಸೆ ನಕ್ಕು, ಸಣ್ಣ ಕೈ ಇದ್ದರೇ ಹಸುವಿಗೆ ನೋವು ಕಡಿಮೆ ಎಂದು ಹೇಳಿ ಅಂದಳು. ಹೇಳಿದೆ. ಹೆಂಗಸು ಅದನ್ನು ತೂಗಿ ನೋಡಿದವಳಂತೆ, ‘ಅದೂ ದಿಟವೇ’ ಎಂದು ಹಸುವಿನ ತಲೆ ಹಿಡಿದು ಕೂತಳು.

ಸೊಸೆ ಭುಜದವರೆಗೆ ಕೈ ಇಳಿಸಿ ಬಹಳ ಹೊತ್ತು ನೋಡಿದಳು. ನಂತರ ಮುಖ ಎತ್ತದೆ, ನಿಧಾನವಾಗಿ, ನನಗೆ ಅರ್ಥವಾಗಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು. ಕರು ಸತ್ತಿದೆ. ತಲೆ ಹಿಂದಕ್ಕೆ ತಿರುಗಿಕೊಂಡಿದೆ. ಹೊರಗೆ ತೆಗೆಯಲೇಬೇಕು. ಹಸು ಉಳಿಯಬಹುದು, ಉಳಿಯದೆಯೂ ಇರಬಹುದು. ಇದಷ್ಟನ್ನೂ ಅವರಿಗೆ ಹೇಳಿ, ಒಪ್ಪಿದ ಮೇಲೆ ಮುಂದಿನದು ಮಾಡುತ್ತೇನೆ.

ಎಲ್ಲವೂ ನನಗೆ ಅರ್ಥವಾಯಿತು. ಒಂದು ಪದವೂ ಕಷ್ಟದ್ದಲ್ಲ. ಆದರೆ ನಾನು ಆ ಹೆಂಗಸಿನ ಕಡೆ ತಿರುಗಿದಾಗ ಅವಳು ಹಸುವಿನ ಕಿವಿಯನ್ನು ಬೆರಳಿನಲ್ಲಿ ನೇವರಿಸುತ್ತಾ ನನ್ನ ಬಾಯನ್ನೇ ನೋಡುತ್ತಿದ್ದಳು. ನನ್ನ ಬಾಯಿಂದ ಬಂದದ್ದು ಇಷ್ಟು: ‘ಕರು ಒಂಚೂರು ತಿರುಗ್ಕೊಂಡಿದೆಯಂತೆ ಕಣವ್ವಾ. ಸರಿ ಮಾಡ್ತಾಳೆ. ಏನೂ ಆಗಲ್ಲ, ಹೆದರ್ಕೋಬೇಡ.’

‘ನಿಮ್ಮನ್ನೇ ನಂಬಿವ್ನಿ ಕಣವ್ವಾ’ ಅಂದಳು.

‘ಶಿ ಟ್ರಸ್ಟ್ಸ್ ಯು’ ಎಂದೆ ಸೊಸೆಗೆ. ಅಂಥ ಹೊತ್ತಿನಲ್ಲೂ ಸರಿಯಾದ ಪದ ಹಾಕಿದೆ ಎಂದು ಒಳಗೊಳಗೇ ಹಿಗ್ಗಿದೆನಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆ.

ಹಗ್ಗ ಕುದಿಸಲು ನೀರು ಕಾಯುತ್ತಿದ್ದಾಗ ಆ ಹೆಂಗಸು ಮಗಳಿಗೆ ಫೋನು ಮಾಡಿದ್ದು ನನ್ನ ಕಿವಿಗೆ ಬಿತ್ತು. ‘ಡಾಕ್ಟ್ರಮ್ಮ ಬಂದವ್ರೆ ಕಣೇ, ಏನೂ ಆಗಾಕಿಲ್ವಂತೆ, ಬಾ ನೀನು.’ ಆಗಲಾದರೂ ನಾನು ಹೇಳಬಹುದಿತ್ತು. ಹೇಳಲಿಲ್ಲ.

ಸೊಸೆ ಒಂದೂವರೆ ಗಂಟೆ ಒದ್ದಾಡಿದಳು. ಡ್ರೈವರ್ ಹಗ್ಗ ಎಳೆದರು, ನಾನು ಎಣ್ಣೆಯ ಡಬ್ಬ ಹಿಡಿದು ನಿಂತೆ. ಕೊನೆಗೆ ಕರು ಹೊರಗೆ ಬಂತು. ಕಂದು ಬಣ್ಣದ ಹೆಣ್ಣುಗರು, ಹಣೆಯಲ್ಲಿ ಬಿಳಿ ಚುಕ್ಕೆ, ಅಲುಗಾಟವಿಲ್ಲ. ಹೆಂಗಸು ಡಾಕ್ಟರ ಕಡೆ ನೋಡಲೇ ಇಲ್ಲ. ನೋಡಿದ್ದು ನನ್ನನ್ನು.

‘ಏನೂ ಆಗಾಕಿಲ್ಲ ಅಂದ್ಯಲ್ಲವ್ವಾ.’

‘ಏನಂತಾರೆ?’ ಎಂದು ಸೊಸೆ ಕೇಳಿದಳು. ‘ಅಳ್ತಿದ್ದಾಳೆ’ ಎಂದೆ. ಸೊಸೆ ನನ್ನ ಮುಖವನ್ನು ಒಂದು ಸಲ, ಅವಳ ಮುಖವನ್ನು ಒಂದು ಸಲ ನೋಡಿ, ಹಸುವಿಗೆ ಬಾಟಲಿ ಏರಿಸುವ ಕೆಲಸಕ್ಕೆ ಕೂತಳು. ಮತ್ತೊಂದು ಗಂಟೆಗೆ ಹಸು ತಲೆ ಎತ್ತಿ ಗಂಜಿ ಕುಡಿಯಿತು. ಮುಂಗಾಲು ಊರಿ ಎದ್ದೂ ನಿಂತಿತು. ನಾವು ಜೀಪು ಹತ್ತುವಾಗ ಮಗಳು ಆಟೋದಿಂದ ಇಳಿದಳು. ಅರಸೀಕೆರೆ ಬಸ್ಸಿನಲ್ಲಿ ಹಳೇಬೀಡಿಗೆ ಬಂದು, ಅಲ್ಲಿಂದ ಆಟೋ ಹಿಡಿದು ಬಂದಿದ್ದಳು. ಕೈಯಲ್ಲಿ ಕೆಂಪು ದಾರಕ್ಕೆ ಕಟ್ಟಿದ ಒಂದು ಪುಟ್ಟ ಗಂಟೆ ಇತ್ತು, ಕರುವಿನ ಕೊರಳಿಗೆಂದು ತಂದದ್ದು.

ಜೀಪು ಹೊರಟ ಮೇಲೆ ಸೊಸೆ ಕೇಳಿದಳು. ‘ನಾನು ಹೇಳಿದ್ದನ್ನೇ ಹೇಳಿದಿರಾ ಮಾ?’

‘ಇಲ್ಲ’ ಎಂದೆ. ಏನು ಹೇಳಿದ್ದೆ ಎಂಬುದನ್ನೂ ಹೇಳಿದೆ.

ಹಳೇಬೀಡಿನ ಕೆರೆ ಏರಿಯ ಮೇಲೆ ಅವಳು ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಕಷ್ಟವಾಯಿತು. ‘ಅವರಿಗೆ ಒಳ್ಳೆಯದಾಗಲಿ ಅಂತ ಹಾಗೆ ಹೇಳಿದಿರಿ. ಅದನ್ನ ನಾನು ಬಿಲೀವ್ ಮಾಡ್ತೀನಿ. ಆದರೆ ನನ್ನ ಮಾತನ್ನ ನಿಮ್ಮ ಕೈಗೆ ಕೊಟ್ಟಿದ್ದೆ. ನಾನು ಹೇಳದೇ ಇದ್ದ ಮಾತಿಗೆ ಅವರು ಒಪ್ಪಿಗೆ ಕೊಟ್ಟರು. ಇನ್ನು ಕೆಲಸದಲ್ಲಿ ನಿಮ್ಮನ್ನ ಹೇಗೆ ಟ್ರಸ್ಟ್ ಮಾಡ್ಲಿ?’

ಯಾವ ನೋಟ್‌ಬುಕ್ಕೂ ಬೇಕಾಗಲಿಲ್ಲ. ಎರಡು ಪದಗಳ ಅಂತರ ಅಲ್ಲೇ ತಿಳಿಯಿತು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಮನೆಗೆ ಬಂದು ಗಂಡನ ಹತ್ತಿರ ಹೇಳಿಕೊಂಡೆ. ಅವರು ನನ್ನ ಪರ ನಿಲ್ಲುತ್ತಾರೆ ಎಂದುಕೊಂಡಿದ್ದೆ. ‘ನಿಮ್ಮಮ್ಮನಿಗೆ ಕಾಯಿಲೆ ಬಂದಾಗ ನಾವೂ ಹೇಳಲಿಲ್ಲ ತಾನೇ? ಬರೀ ಗ್ಯಾಸ್ಟ್ರಿಕ್ಕು ಅಂತಲೇ ಆರು ತಿಂಗಳು ನೋಡ್ಕೊಂಡ್ವಿ. ನಮ್ಮ ಕಡೆ ಹೀಗೇ ಅಲ್ವೇನ್ರೀ?’ ಎಂದು ಕೇಳಿದೆ.

ಅವರು ಚೀಲದ ಬಾಯಿ ಹೊಲಿಯುತ್ತಿದ್ದವರು ದಬ್ಬಳ ಕೆಳಗಿಟ್ಟರು. ‘ಕೊನೇಲಿ ಅಮ್ಮ ನನ್ನೊಬ್ಬನನ್ನೇ ಕರೆದು ಕೇಳಿದ್ಲು ಕಣೇ. ನೀನಾದ್ರೂ ನಿಜ ಹೇಳೋ ಅಂತ. ನಾನು ಗ್ಯಾಸ್ಟ್ರಿಕ್ಕೇ ಕಣಮ್ಮ ಅಂದೆ.’ ದಬ್ಬಳಕ್ಕೆ ಮತ್ತೆ ದಾರ ಪೋಣಿಸುತ್ತಾ, ‘ಆಮೇಲೆ ಅವಳು ನನ್ನನ್ನ ಏನೂ ಕೇಳ್ಲಿಲ್ಲ’ ಅಂದರು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವರು ಈ ಮಾತನ್ನು ನನಗೆ ಹೇಳಿದ್ದು ಅದೇ ಮೊದಲು.

ಮಾರನೆಯ ದಿನ ಸೊಸೆಗೆ ಡೈರಿಯಲ್ಲೇ ಕೂತು ಮಾಡುವ ಕೆಲಸವಿತ್ತು. ನಾನು ಒಂದು ಚೀಲ ಹಿಂಡಿ ತೆಗೆದುಕೊಂಡು ಬಸ್ಸು ಹಿಡಿದು ಒಬ್ಬಳೇ ಹುಲಿಕೆರೆಗೆ ಹೋದೆ. ಆ ಹೆಂಗಸು ಹಸುವಿನ ಮೈ ತೊಳೆಯುತ್ತಿದ್ದಳು. ‘ಬಾ’ ಅಂದಳು, ಕೂತ್ಕೋ ಅನ್ನಲಿಲ್ಲ. ನಾನು ನಿಂತುಕೊಂಡೇ ಹೇಳಿದೆ. ಡಾಕ್ಟರು ಮೊದಲೇ ಕರು ಸತ್ತಿದೆ ಅಂದಿದ್ದಳು, ಹಸು ಉಳಿಯೋದೂ ಅನುಮಾನ ಅಂದಿದ್ದಳು, ನಾನು ಅದನ್ನು ಮುಚ್ಚಿಟ್ಟು ಬೇರೆ ಹೇಳಿದೆ, ತಪ್ಪು ನನ್ನದು, ಆ ಹುಡುಗಿಯದಲ್ಲ.

ಅವಳು ಬಿಂದಿಗೆ ಕೆಳಗಿಟ್ಟಳು. ‘ಜಾವದಿಂದ ಹಸಾ ಒದ್ದಾಡೋದ್ ನೋಡ್ದೋಳಿಗೆ ಕರ ಹೋಗೈತೆ ಅಂತ ತಿಳಿಯಾಕಿಲ್ವಾ? ತಿಳ್ದಿತ್ತು ಕಣವ್ವಾ. ನೀನು ಏನೂ ಆಗಾಕಿಲ್ಲ ಅಂದೆ ನೋಡು, ಆಗ ನಾನು ತಿಳ್ಕೊಂಡಿದ್ದೇ ತಪ್ಪೇನೋ ಅನ್ಕೊಂಡೆ. ಮಗಳಿಗೆ ಫೋನ್ ಮಾಡ್ದೆ. ಅದು ಗಂಟೆ ತಗೊಂಡ್ ಬಂತು. ಅದ್ಕೇ ನಂಗೆ ಸಿಟ್ಟು.’

ಅವಳು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಕೊಟ್ಟಳು. ‘ಮುಂದಿನ ಸಲ ಆ ಹುಡ್ಗೀನೇ ಬರ್ಲಿ. ಕೈ ಚೆನ್ನಾಗೈತೆ. ನೀನೂ ಬರೋದಾದ್ರೆ ಬಾ, ಅದೇನಂತದೋ ಅಷ್ಟೇ ಹೇಳು.’ ಹಿಂಡಿಯ ಚೀಲವನ್ನು ಬೇಡ ಅಂದಳು. ಆಮೇಲೆ, ಹಸುವಿನ ಮುಖ ನೋಡಿ ಇಟ್ಟುಕೊಂಡಳು.

ಸಂಜೆ ಸೊಸೆಗೆ ಇದನ್ನೆಲ್ಲ ಹೇಳಿದೆ. ಆ ಹೆಂಗಸು ಆಡಿದ ಮಾತನ್ನು ಹಾಗೆಯೇ ಹೇಳಿ ಅಂದಳು. ಸಿಟ್ಟಿನ ಮಾತನ್ನೂ ಬಿಡದೆ, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಎರಡು ಸಲ ಹೇಳಿದೆ. ಸೊಸೆ ನನ್ನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು. ಮಾರನೆಯ ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಜೀಪಿನ ಹಾರ್ನ್ ಕೇಳಿಸಿತು. ನಾನು ಕದಲಲಿಲ್ಲ. ಅವಳು ಬಾಗಿಲಿಗೆ ಬಂದು, ‘ಮಾ, ಜೀಪ್ ಬಂತು. ಬರಲ್ವಾ?’ ಅಂದಳು. ಕನ್ನಡದಲ್ಲಿ. ನಾನು ಒದ್ದೆ ಕೈಯಲ್ಲೇ ಓಡಿದೆ.

ಉಳಿದ ದಿನಗಳಲ್ಲಿ ನಾನು ಅವಳ ಮಾತಿಗೆ ಒಂದು ಚೂರು ಬೆಲ್ಲವನ್ನೂ ಬೆರೆಸಲಿಲ್ಲ. ಹಳೇಬೀಡಿನ ಹತ್ತಿರ ಒಬ್ಬ ಹಿರಿಯರು, ಊರಿಗೆಲ್ಲ ಬೇಕಾದವರು. ಅವರ ಹಸುವನ್ನು ನೋಡಿ ಸೊಸೆ, ಇದಕ್ಕೆ ಯಾವ ರೋಗವೂ ಇಲ್ಲ, ನೀವು ಸರಿಯಾಗಿ ನೀರು ಕುಡಿಸುತ್ತಿಲ್ಲ, ನಾಚಿಕೆಯಾಗಬೇಕು ಎಂದಳು. ಕೊನೆಯ ಮಾತು ಬಂದಾಗ ನನ್ನ ನಾಲಿಗೆ ತಡೆಯಿತು. ಆದರೂ ಹೇಳಿದೆ. ಹಿರಿಯರು ಹೌಹಾರಿ, ‘ಏನಮ್ಮಾ ಅಂದೆ?’ ಎಂದರು. ‘ನಾನಲ್ಲ ಸ್ವಾಮಿ, ಅವಳು. ನಾಚಿಕೆ ಅನ್ನೋದೂ ಅವಳದೇ ಮಾತು’ ಎಂದೆ. ಜೀಪಿನಲ್ಲಿ ಡ್ರೈವರೂ ಸೊಸೆಯೂ ಬೇಲೂರು ಬರುವ ತನಕ ನಕ್ಕರು.

ಇಪ್ಪತ್ತು ದಿನಕ್ಕೆ ಕಾಂಪೌಂಡರ್ ಕೋಲು ಹಿಡಿದು ಕೆಲಸಕ್ಕೆ ಬಂದರು, ನನ್ನ ನೌಕರಿ ಮುಗಿಯಿತು. ಆರು ತಿಂಗಳಲ್ಲಿ ಸೊಸೆಗೆ ಅವರೂ ಬೇಡವಾದರು. ಅವಳು ಕಲಿತದ್ದು ಕೊಟ್ಟಿಗೆಗಳ ಕನ್ನಡ. ‘ಮಾ, ಹಾಲು ಉಕ್ತಾ ಐತೆ’ ಎಂದು ಅವಳು ಕೂಗಿದರೆ ನನ್ನ ಗಂಡ, ಪೇಟೆ ಮನೆ ಸೊಸೆ ಹಿಂಗಾ ಮಾತಾಡೋದು ಅನ್ನುತ್ತಾರೆ. ಅವಳು, ‘ಹಂಗೇಯ’ ಅನ್ನುತ್ತಾಳೆ.

ಕಳೆದ ಚಳಿಗಾಲದಲ್ಲಿ ಅವಳ ಅಮ್ಮ ನಮ್ಮ ಮನೆಗೆ ಬಂದರು. ಆಕೆಗೆ ಬರುವುದು ಅವರ ಭಾಷೆ ಒಂದೇ. ಈ ಸಲ ದುಭಾಷಿ ಸೊಸೆ. ಮೊದಲ ದಿನ ಕಾಫಿ ಕುಡಿಯುತ್ತಾ ಆಕೆ ನನ್ನನ್ನೇ ನೋಡಿಕೊಂಡು ಉದ್ದಕ್ಕೆ ಏನೋ ಹೇಳಿದರು, ಹೇಳುವಾಗ ಕಣ್ಣು ತುಂಬಿತು. ಸೊಸೆ ನನ್ನ ಕಡೆ ತಿರುಗಿ, ‘ಮನೆ ಚೆನ್ನಾಗೈತಂತೆ’ ಅಂದಳು.

ಅಷ್ಟು ಉದ್ದದ ಮಾತು ಇಷ್ಟು ಗಿಡ್ಡ ಆಯಿತಲ್ಲ ಎಂದು ನನಗೆ ಅನ್ನಿಸಿತು. ಲೋಟ ತೊಳೆಯಲು ಎದ್ದೆ. ಸೊಸೆ ಹಿಂದೆಯೇ ಬಂದು ನಲ್ಲಿಯ ಹತ್ತಿರ ನಿಂತಳು. ಕಿವಿ ಕೆಂಪಾಗಿತ್ತು.

‘ಅಮ್ಮ ಹೇಳಿದ್ದು ಅದಲ್ಲ ಮಾ.’

‘ಮತ್ತೆ?’

‘ನಾನು ಹಠಮಾರಿಯಂತೆ. ನಿಮಗೆ ಕಷ್ಟ ಕೊಡ್ತೀನಂತೆ. ಇಲ್ಲಿ ಎಲ್ಲಾ ಚೆನ್ನಾಗೈತೆ ಅಂತ ನಾನು ಫೋನಿನಲ್ಲಿ ಹೇಳಿದ್ದನ್ನ ಅವರು ನಂಬೇ ಇರಲಿಲ್ವಂತೆ. ಅದಕ್ಕೇ ಅಷ್ಟು ದೂರದಿಂದ ನೋಡೋಕೆ ಬಂದ್ರಂತೆ.’

ನಾನು ಕೈ ಒರೆಸಿಕೊಂಡು ಹೊರಗೆ ಬಂದು ಆಕೆಯ ಪಕ್ಕದಲ್ಲಿ ಕೂತೆ. ನೀವು ಬಂದದ್ದು ಸರಿ, ನಾನಾಗಿದ್ದರೂ ಬರುತ್ತಿದ್ದೆ, ಹಠಮಾರಿ ಅನ್ನೋದೂ ಸರಿ ಎಂದು ಹೇಳು ಅಂದೆ ಸೊಸೆಗೆ. ಅವಳು ಮುಖ ಸಿಂಡರಿಸಿಕೊಂಡು ಹೇಳಿದಳು. ಕೊನೆಯ ಮಾತನ್ನೂ ಹೇಳಿದಳು ಎಂದು ಆಕೆ ನಕ್ಕ ರೀತಿಯಲ್ಲೇ ತಿಳಿಯಿತು.

ಆಕೆ ಹದಿನೈದು ದಿನ ಇದ್ದರು. ಹೊರಡುವ ದಿನ ನಾವೆಲ್ಲ ಅರಸೀಕೆರೆಗೆ ರೈಲು ಹತ್ತಿಸಲು ಹೋದೆವು. ರೈಲು ತಡ. ಮಗ, ಸೊಸೆ ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ವಿಚಾರಿಸಲು ಹೋದರು. ನಾವಿಬ್ಬರೂ ಬೆಂಚಿನ ಮೇಲೆ ಕೂತು ನಾನು ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ತಿಂದೆವು. ಆಕೆ ಎಲೆಯಲ್ಲಿದ್ದ ಕಡಲೆಬೀಜವನ್ನೆಲ್ಲ ಮೊದಲು ಆರಿಸಿ ತಿಂದು ಮುಗಿಸಿದರು, ನಾನು ನನ್ನದನ್ನೂ ಅವರ ಕಡೆ ಸರಿಸಿದೆ. ರೈಲು ಬಂತು. ಮಗ, ಸೊಸೆ ಆಕೆಯನ್ನು ಹತ್ತಿಸಿ, ಕೂರಿಸಿ, ಇಳಿಯಲು ಬಾಗಿಲ ಕಡೆ ಹೋದಾಗ ಆಕೆ ಕಿಟಕಿಯಿಂದ ನನ್ನ ಕೈ ಹಿಡಿದು, ಒಂದು ಬೆರಳು ಎತ್ತಿ, ಬಹಳ ಗಂಭೀರವಾಗಿ ಏನೇನೋ ಹೇಳಿದರು. ನಾನು ಪ್ರತಿ ಮಾತಿಗೂ ‘ಆಯ್ತು, ಆಯ್ತು’ ಎಂದೆ. ರೈಲು ಹೊರಟಿತು.

ಸೊಸೆ ಓಡಿ ಬಂದು, ‘ಅಮ್ಮ ನಿಮಗೇನೋ ಹೇಳ್ತಿದ್ರಲ್ಲ, ಏನಂದ್ರು?’ ಅಂದಳು.

‘ಗೊತ್ತಿಲ್ಲ ಕಣೇ. ಒಪ್ಕೊಂಡಿದ್ದೀನಿ’ ಎಂದೆ.